‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವವರಿಗೆ

ಪ್ರೆಶರ್ ಕುಕ್ಕರ್ ಮರೀಬೇಡಿ ಎಂದರು. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಆರು ತಿಂಗಳಿಗೆ ಆಗುವಷ್ಟು ಕಟ್ಟಿಕೊಳ್ಳಿ ಎಂದರು. ಅಲ್ಲಿ ಜನ ರಾತ್ರಿ ಹತ್ತಕ್ಕೆ ಉಣ್ಣುತ್ತಾರೆ, ಮಧ್ಯಾಹ್ನ ಅಂಗಡಿ ಬಾಗಿಲು ಹಾಕುತ್ತಾರೆ, ಸಾರಿನಲ್ಲೂ ಹಂದಿಮಾಂಸ ಇರುತ್ತೆ, ಕೇಳಿ ತಿನ್ನಿ ಎಂದರು. ಕೊನೆಗೆ ಎರಡೂ ಕೈ ಅಗಲಿಸಿ, ‘ಎಲ್ಲಾ ಕಡೆ ಇದ್ದದ್ದೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಸ್ಪೇನು ಸ್ವರ್ಗ’ ಎಂದರು. ಸಭೆ ಚಪ್ಪಾಳೆ ತಟ್ಟಿತು.

ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ನಾವು ಅಂದರೆ ಈ ಪತ್ರಿಕೆಗೆ ಪದ್ಯ ಬರೆಯುವ, ಪ್ರತಿಗಳನ್ನು ಅಂಚೆಗೆ ಹಾಕುವ, ಚಂದಾ ವಸೂಲಿಗೆ ಅಲೆಯುವ ನಾಲ್ಕೈದು ಮಂದಿ. ನಮ್ಮ ನಡುವೆ ಕೂತಿದ್ದವನು ಸ್ಪೇನಿಗೆ ಹೊರಟಿದ್ದ ಗೆಳೆಯ. ಕೃಷಿ ಪದವೀಧರ. ಹಸಿರುಮನೆ ಬೇಸಾಯ ಓದಲು ಆ ದೇಶದ ತೆಂಕಣ ತುದಿಯ ಅಲ್ಮೆರಿಯಾ ಎಂಬ ಊರಿಗೆ ಹೋಗುವವನಿದ್ದ. ಅವರ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನೇ ಅವನು ಮೊದಲು. ಅವನ ಅವ್ವ ಕುಕ್ಕರ್ ಕಂಡದ್ದು ಅವನ ಸ್ಕಾಲರ್‌ಶಿಪ್ ಹಣ ಬಂದ ಮೇಲೆ.

ಅವನು ಹೋಗಿ ಎರಡು ವರ್ಷವಾಯಿತು. ಅವನ ಫೋನು, ಅವನ ಕಾಗದ, ಅವನು ಹೇಳಿ ಓದಿಸಿದ ಪುಸ್ತಕ ಎಲ್ಲ ಸೇರಿ ನಮ್ಮ ತಲೆಯಲ್ಲಿ ಕುದಿಯುತ್ತಿದ್ದುದನ್ನು ಈಗ ಬರೆಯುತ್ತಿದ್ದೇವೆ. ಆ ದಿನ ಚಪ್ಪಾಳೆ ತಟ್ಟಿದವರು ಓದಲಿ.

ಮೊದಲು ಆ ‘ಅಡ್ಜಸ್ಟ್’ ಎಂಬ ಮಾತನ್ನು ನೋಡೋಣ. ಇಂಗ್ಲಿಷಿನಿಂದ ಬಂದರೂ ಅದು ಈಗ ಅಚ್ಚಗನ್ನಡವೇ. ಮೂರು ಜನ ಕೂರುವ ಬಸ್ಸಿನ ಸೀಟಿಗೆ ನಾಲ್ಕನೆಯವನು ಬಂದು ಅಂಡೂರುವಾಗ ಹೇಳುವ ಮಾತು. ಅಲ್ಲಿ ಅದು ಚೆಂದದ ಮಾತೇ. ಸರಿಯುವವನೂ ಬಡವ, ಕೂರುವವನೂ ಬಡವ. ಅದೇ ಮಾತು ಊರೊಳಗೆ ಬಂದಾಗ ನೋಡಿ. ಹೋಟ್ಲಲ್ಲಿ ಲೋಟ ಬೇರೆ ಇಟ್ಟವ್ರೆ ಅಂತ ನಮ್ಮ ಹುಡುಗ ಕೇಳಿದರೆ, ‘ಯಾಕ್ಲಾ ಗಲಾಟೆ, ಅಡ್ಜಸ್ಟ್ ಮಾಡ್ಕೊಂಡು ಹೋಗ್ಲಾ’ ಅಂತಾರೆ. ದೇವಸ್ಥಾನದ ಹೊರಗೆ ನಿಲ್ಲಿಸಿದರೆ ಅಡ್ಜಸ್ಟು. ಮಸಣಕ್ಕೆ ದಾರಿ ಬಿಡದಿದ್ದರೆ ಅಡ್ಜಸ್ಟು. ಈ ಮಾತನ್ನು ಗೌಡರ ಮನೆ ಅಂಗಳದಲ್ಲಿ ನಿಂತು ಗೌಡರಿಗೆ ಹೇಳಿದವರನ್ನು ನಾವು ಈತನಕ ಕಂಡಿಲ್ಲ. ಅದು ಯಾವತ್ತೂ ಕೆಳಮುಖವಾಗಿಯೇ ಹರಿಯುವ ಮಾತು.

ಪರದೇಶಕ್ಕೆ ಹೊಂದಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಗಾಡಿ ಪ್ರವಾಸಕಥನಗಳಿವೆ. ಎಲ್ಲವೂ ಕೆಟ್ಟವಲ್ಲ, ಒಪ್ಪುತ್ತೇವೆ. ಆದರೆ ಬಹಳಷ್ಟರಲ್ಲಿ ವಿಮಾನ ಇಳಿದ ಮರುಗಳಿಗೆಯಿಂದ ಅನ್ನ-ಸಾರಿನ ಹುಡುಕಾಟ. ಮೊಟ್ಟೆ ಹಾಕಿದ ಕೇಕು ತಿಂದೆನೋ ಏನೋ ಎಂಬ ಧರ್ಮಸಂಕಟ. ಆಮೇಲೆ ಕತ್ತಲು, ಹಿಮ, ಪರಕೀಯ ಪ್ರಜ್ಞೆ. ಜಗತ್ತೆಲ್ಲ ತಮಗೆ ಹೊಂದಿಕೊಂಡೇ ಇದ್ದವರು ಮೊದಲ ಸಲ ತಾವು ಹೊಂದಿಕೊಳ್ಳಬೇಕಾಗಿ ಬಂದಾಗ ಪಟ್ಟ ಸಂಕಟ ಅದು. ಪಾಪ ಅನ್ನೋಣ. ಆದರೆ ಹುಟ್ಟಿದ ಊರಲ್ಲೇ ಪರಕೀಯರಾಗಿ ಬೆಳೆದ ನಮಗೆ ಅದನ್ನು ಪಾಠ ಅಂತ ಹೇಳಿಕೊಡಲು ಬರಬೇಡಿ.

ಗೆಳೆಯನಿಗೆ ಸ್ಪೇನಿನಲ್ಲಿ ಮೊದಲು ಹೊಂದಿಕೊಳ್ಳಬೇಕಾಗಿ ಬಂದದ್ದು ಸ್ಪೇನಿಗಲ್ಲ, ಭಾರತಕ್ಕೆ.

ಓದಲು ಬಂದ ಮೂರು ಮಂದಿ ಭಾರತೀಯರು ಹಿಡಿದಿದ್ದ ಮನೆಗೆ ನಾಲ್ಕನೆಯವನಾಗಿ ಸೇರಿದ. ಮೊದಲ ಸಂಜೆ ಹೆಸರು ಕೇಳಿದರು. ಹೇಳಿದ. ಪೂರ್ತಿ ಹೆಸರು ಕೇಳಿದರು. ಅದನ್ನೂ ಹೇಳಿದ. ಅಪ್ಪ ಏನ್ ಮಾಡ್ತಾರೆ ಅಂದರು. ವಾರ ಕಳೆಯುವುದರೊಳಗೆ ಫ್ರಿಜ್ಜಿನಲ್ಲಿ ಅವನ ತಟ್ಟು ಬೇರೆಯಾಯಿತು. ಎರಡು ಕುಕ್ಕರಿದ್ದವು, ಒಂದನ್ನು ಅವನು ಮುಟ್ಟಕೂಡದು ಅಂತ ಯಾರೂ ಹೇಳಲಿಲ್ಲ, ಅವನು ತೊಳೆದಿಟ್ಟದ್ದನ್ನು ಮತ್ತೆ ತೊಳೆಯುತ್ತಿದ್ದರು ಅಷ್ಟೆ. ಒಂದು ಭಾನುವಾರ ಅಂಗಡಿಯಿಂದ ದನದ ಮಾಂಸ ತಂದು, ಅವ್ವ ಮಾಡುತ್ತಿದ್ದ ಹಾಗೆ ಕಾರ ಅರೆದು ಬೇಯಿಸಿದ. ಮನೆಯೊಳಗೆ ಯುದ್ಧವೇನೂ ಆಗಲಿಲ್ಲ. ಸುಶಿಕ್ಷಿತರು ನೋಡಿ. ಹೆಗಲ ಮೇಲೆ ಕೈಹಾಕಿ ಒಬ್ಬ ಹೇಳಿದ: ‘ಅಡ್ಜಸ್ಟ್ ಮಾಡ್ಕೋ ಗುರು, ಅದನ್ನೆಲ್ಲ ಹೊರಗೆ ತಿನ್ಕೊಂಡು ಬಾ.’

ಹೊರಗೆ! ಸಮುದ್ರ ದಾಟಿ ಬಂದವನಿಗೂ ‘ಹೊರಗೆ’ ಎಂಬ ಆ ಜಾಗ ಕಾಯುತ್ತಾ ಕೂತಿತ್ತು.

ಇದು ಹೊಸದಲ್ಲ. ಬಾಬಾಸಾಹೇಬರು ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ 1917ರಲ್ಲಿ ಬರೋಡಕ್ಕೆ ನೌಕರಿಗೆಂದು ಬಂದಾಗ ತಂಗಲು ಜಾಗ ಸಿಗದೆ ಒಂದು ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದರು. ಅದನ್ನು ಅವರೇ ಬರೆದಿದ್ದಾರೆ. ಆ ಬರಹಕ್ಕೆ ಇರುವ ಹೆಸರು ‘ವೀಸಾಗಾಗಿ ಕಾಯುತ್ತ’. ಹೊರದೇಶದಲ್ಲಿ ಕಳೆದ ವರ್ಷಗಳು ತಾನು ಅಸ್ಪೃಶ್ಯ ಎಂಬುದನ್ನೇ ಮರೆಸಿದ್ದವು, ತಾಯ್ನಾಡಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದಾಗ ಅದು ನೆನಪಾಯಿತು ಎನ್ನುವ ಅರ್ಥದ ಮಾತು ಅದರಲ್ಲಿದೆ. ಅವರಿಗೆ ನೆನಪಾಗಲು ವಾಪಸು ಬರಬೇಕಾಯಿತು. ನಮ್ಮ ಗೆಳೆಯನಿಗೆ ಆ ಕಷ್ಟವನ್ನೂ ಕೊಡದೆ, ಅಲ್ಲಿಗೇ ತಂದುಕೊಟ್ಟರು.

ಇನ್ನೊಂದು ತಮಾಷೆ ಕೇಳಿ. ಸ್ಪೇನಿನಲ್ಲಿ ಭಾರತದವರನ್ನೆಲ್ಲ ‘ಹಿಂದೂ’ ಅಂತಾರೆ. ‘ಹ’ ಉಚ್ಚರಿಸುವುದಿಲ್ಲವಾದ್ದರಿಂದ ‘ಇಂದೂ’. ಬೈಗುಳವಲ್ಲ ಅದು, ಅವರ ಅಕಾಡೆಮಿಯ ನಿಘಂಟಿನಲ್ಲೇ ಆ ಪದಕ್ಕೆ ಭಾರತದವನು ಎಂಬ ಅರ್ಥ ಕೊಟ್ಟಿದೆ. ಸರಿಯಾಗಿ ‘ಇಂದಿಯೋ’ ಅನ್ನಬಹುದು. ಆದರೆ ಕೊಲಂಬಸ್ಸಿನ ಎಡವಟ್ಟಿನಿಂದ ಆ ಪದ ಅಮೆರಿಕದ ಮೂಲನಿವಾಸಿಗಳಿಗೆ ಅಂಟಿಕೊಂಡಿತು. ಆ ಭಾಷೆಯಲ್ಲಿ ‘ಇಂದಿಯೋ ಥರ ಮಾಡಬೇಡ’ ಅಂದರೆ ಪೆದ್ದುಪೆದ್ದಾಗಿ ಆಡಬೇಡ ಅಂತ. ನೋಡಿ ಆಯ್ಕೆಗಳನ್ನು! ಒಂದೋ ಪೆದ್ದನಾಗಬೇಕು, ಇಲ್ಲವೋ ಹಿಂದೂ ಆಗಬೇಕು. 1935ರಲ್ಲಿ ಯೇವಲೆಯಲ್ಲಿ ಬಾಬಾಸಾಹೇಬರು ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. 1956ರಲ್ಲಿ ನಾಗಪುರದಲ್ಲಿ ಲಕ್ಷಗಟ್ಟಲೆ ಜನರೊಂದಿಗೆ ಅದನ್ನು ಮಾಡಿ ತೋರಿಸಿದರು. ಗೆಳೆಯನ ಮನೆಯಲ್ಲಿ ಗೋಡೆಯ ಮೇಲೆ ಇರುವುದು ಬುದ್ಧ ಮತ್ತು ಬಾಬಾಸಾಹೇಬ್, ಎರಡೇ ಪಟ. ಅವನನ್ನು ಹಾಲಿನಂಗಡಿಯಾಕೆ, ಬಸ್ ಡ್ರೈವರು, ಪಾಠ ಹೇಳುವ ಮೇಷ್ಟ್ರು ಎಲ್ಲರೂ ಅಕ್ಕರೆಯಿಂದಲೇ ‘ಹಿಂದೂ’ ಅಂತ ಕರೆದರು. ಅವನು ಒಬ್ಬೊಬ್ಬರಿಗೂ ನಿಂತು ಹೇಳಿದ: ನಾನು ಹಿಂದೂ ಅಲ್ಲ, ಭಾರತದವನು. ಅವರಿಗೆ ಅರ್ಥವಾಗಲಿಲ್ಲ. ಅದೆಲ್ಲ ಯಾಕೆ ಅಷ್ಟು ತಲೆಗೆ ಹಚ್ಕೊತೀಯಾ, ಅಡ್ಜಸ್ಟ್ ಮಾಡ್ಕೋ ಅಂತ ನಮ್ಮವರೇ ಕೆಲವರು ಬುದ್ಧಿ ಹೇಳಿದರು. ಅವನು ಇನ್ನೂ ಹೇಳುತ್ತಲೇ ಇದ್ದಾನೆ. ಹಾಲಿನಂಗಡಿಯಾಕೆಗೆ ಈಗ ‘ದಲಿತ’ ಎಂಬ ಪದ ಗೊತ್ತು. ನಮ್ಮ ಲೆಕ್ಕದಲ್ಲಿ ಅದೊಂದು ಚಳವಳಿಯೇ.

ಆ ಮನೆ ಬಿಟ್ಟ ಮೇಲೆ ಬೇರೆ ಮನೆ ಹುಡುಕಿದ. ಫೋನಿನಲ್ಲಿ ‘ಬನ್ನಿ ನೋಡಿ’, ಮುಖ ಕಂಡ ಮೇಲೆ ‘ಅಯ್ಯೋ, ಈಗ ತಾನೆ ಕೊಟ್ಟುಬಿಟ್ಟೆವು’. ಬೆಂಗಳೂರಿನಲ್ಲಿ ಮನೆ ಹುಡುಕಿದವನಿಗೆ ಈ ರಾಗ ಹೊಸದಾಗಿರಲಿಲ್ಲ. ಕೊನೆಗೆ ಕೋಣೆ ಸಿಕ್ಕಿದ್ದು ಹಸಿರುಮನೆಯಲ್ಲಿ ದುಡಿಯುವ ಒಬ್ಬ ಮೊರಾಕ್ಕೊದವನ ಜತೆ, ಮುದುಕರನ್ನು ನೋಡಿಕೊಳ್ಳುವ ಈಕ್ವೆಡಾರಿನ ಒಬ್ಬ ಹೆಂಗಸಿನ ಮನೆಯಲ್ಲಿ. ಮೊರಾಕ್ಕೊದವನು ಹಂದಿ ಮುಟ್ಟುವುದಿಲ್ಲ. ಆದರೆ ಹಂದಿ ತಿನ್ನುವವನ ಪಕ್ಕದಲ್ಲಿ ಕೂತು, ಒಂದೇ ರೊಟ್ಟಿ ಮುರಿದುಕೊಂಡು ಉಣ್ಣುತ್ತಾನೆ. ಒಂದು ಪದಾರ್ಥ ಬೇಡ ಅನ್ನುವುದು ಬೇರೆ, ಅದನ್ನು ತಿಂದ ಮನುಷ್ಯನೇ ಬೇಡ ಅನ್ನುವುದು ಬೇರೆ ಸ್ವಾಮಿ. ಸಸ್ಯಾಹಾರದ ಗೋಳು ಬರೆಯುವವರು ಈ ವ್ಯತ್ಯಾಸವನ್ನು ತಮ್ಮ ಮುಂದಿನ ಮುದ್ರಣದಲ್ಲಾದರೂ ಸೇರಿಸಲಿ.

ಇನ್ನು ಭಾಷೆ. ‘ಭಾಷೆ ಕಲಿತರೆ ಮುಗೀತು, ಅವರಲ್ಲಿ ಒಬ್ಬರಾಗ್ತೀರಿ’ ಎಂದಿದ್ದರು ಭಾಷಣಕಾರರು. ಆ ಈಕ್ವೆಡಾರಿನ ಹೆಂಗಸನ್ನೇ ತಗೊಳ್ಳಿ. ಅವಳ ತಾಯಿನುಡಿ ಸ್ಪ್ಯಾನಿಷ್. ಅವಳ ಧರ್ಮ ಸ್ಪೇನಿನವರದೇ. ಅವಳ ಹೆಸರು, ಅವಳ ಹಬ್ಬ, ಅವಳ ಶಿಲುಬೆ ಎಲ್ಲ ಅವರದೇ. ಐನೂರು ವರ್ಷದ ಹಿಂದೆ ಅವರೇ ಹೋಗಿ, ಕತ್ತಿ ತೋರಿಸಿ ಕೊಟ್ಟದ್ದು. ಆದರೂ ಅವಳು ‘ಸುದಾಕಾ’. ದಕ್ಷಿಣ ಅಮೆರಿಕದವರನ್ನು ಹಳಿಯುವ ಮಾತು ಅದು. ಹದಿನೆಂಟು ವರ್ಷದ ಹಿಂದೆ ಬಂದವಳು ಮೊದಲಿಗೆ ಒಂದು ಮನೆಯಲ್ಲಿ ‘ಇಂತೆರ್ನಾ’ ಆಗಿದ್ದಳು, ಅಂದರೆ ಅಲ್ಲೇ ಉಂಡು ಅಲ್ಲೇ ಮಲಗುವ ಮನೆಯಾಳು. ಮುದುಕಿ ರಾತ್ರಿ ಎರಡು ಗಂಟೆಗೆ ಕೆಮ್ಮಿದರೆ ಏಳಬೇಕು. ವಾರಕ್ಕೆ ಒಂದೂವರೆ ದಿನ ರಜೆ ಅಂತ ಮಾತು, ಸಿಕ್ಕಿದ್ದು ಭಾನುವಾರದ ಅರ್ಧ. ತನ್ನ ಮಗಳನ್ನು ತನ್ನ ಅವ್ವನ ಮಡಿಲಲ್ಲಿ ಬಿಟ್ಟು, ಇನ್ಯಾರದೋ ಅವ್ವನ ಅಂಡು ತೊಳೆದಳು. ಆ ದೇಶದಲ್ಲಿ ಕೆಲಸ ಹೋದವರಿಗೆಲ್ಲ ನಿರುದ್ಯೋಗ ಭತ್ಯೆಯ ಹಕ್ಕಿದ್ದಾಗ ಮನೆಗೆಲಸದವರಿಗೆ ಮಾತ್ರ ಇರಲಿಲ್ಲ. ಅದು ಬಂದದ್ದು 2022ರ ಕಾನೂನಿನಿಂದ. ಮನೆಗೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ 189ನೇ ಒಡಂಬಡಿಕೆಯನ್ನು ಸ್ಪೇನ್ ಅಂಗೀಕರಿಸಿದ್ದು 2023ರಲ್ಲಿ. ಅದೂ ಆ ಹೆಂಗಸರು ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಕೂಗಿದ ಮೇಲೆ. ನಮ್ಮ ಭಾರತ ಅದನ್ನು ಅಂಗೀಕರಿಸಿಲ್ಲ. ಹಾಗಾಗಿ ಸ್ಪೇನಿನವರನ್ನು ಬೈದು ಸುಮ್ಮನಾಗುವ ಸುಖವೂ ನಮಗಿಲ್ಲ.

1992ರ ನವೆಂಬರಿನಲ್ಲಿ ಮ್ಯಾಡ್ರಿಡ್ಡಿನ ಅಂಚಿನ ಅರವಾಕಾದಲ್ಲಿ, ಪಾಳುಬಿದ್ದ ಕಟ್ಟಡದಲ್ಲಿ ತಂಗಿದ್ದ ಡೊಮಿನಿಕನ್ ದೇಶದ ಮನೆಗೆಲಸದ ಹೆಂಗಸು ಲುಕ್ರೇಸಿಯಾ ಪೇರೆಸ್‌ಳನ್ನು ಗುಂಡಿಟ್ಟು ಕೊಂದರು. ಕೊಂದವರಲ್ಲಿ ಒಬ್ಬ ಸಿವಿಲ್ ಗಾರ್ಡ್ ಪೊಲೀಸು. ಅವಳ ಸ್ಪ್ಯಾನಿಷ್‌ನಲ್ಲಿ ವ್ಯಾಕರಣ ದೋಷವಿತ್ತೇನು?

ಭಾಷೆಯ ಮಾತು ಬಂದದ್ದಕ್ಕೆ ಇನ್ನೊಂದು. ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ ಏಕವಚನ, ಬಹುವಚನದ ಮರ್ಯಾದೆ ಇದೆ. ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ಗೆಳೆಯ ಹೇಳುವ ಪ್ರಕಾರ ಅಲ್ಲಿ ಸ್ನೇಹಿತರು, ಸಹಪಾಠಿಗಳು, ಎಷ್ಟೋ ಕಡೆ ಮೇಷ್ಟ್ರು ಕೂಡ ‘ತೂ’ ಎನ್ನುವುದೇ ರೂಢಿ. ಅದು ಅವನಿಗೆ ಇಷ್ಟವೂ ಆಯಿತು. ಆದರೆ ಒಂದು ದಿನ ಕಚೇರಿಯ ಸಾಲಿನಲ್ಲಿ ನಿಂತಿದ್ದಾಗ ಗಮನಿಸಿದ: ಗಾಜಿನ ಹಿಂದೆ ಕೂತ ಗುಮಾಸ್ತ ಮುಂದಿದ್ದ ಬಿಳಿ ಮುದುಕನಿಗೆ ‘ಉಸ್ತೆದ್’ ಅಂದ, ಹಿಂದಿದ್ದ, ಅದೇ ವಯಸ್ಸಿನ, ಗಡ್ಡ ನೆರೆತ ಸೆನೆಗಲ್ಲಿನ ಕರಿಯನಿಗೆ ‘ತೂ’ ಅಂದ. ಅವತ್ತು ರಾತ್ರಿ ಫೋನ್ ಮಾಡಿದವನು ಬೇರೇನೂ ಹೇಳಲಿಲ್ಲ. ‘ಏಕವಚನ ಕಣ್ರೋ, ಇಲ್ಲೂ ಏಕವಚನ’ ಅಂದ. ಎಂಬತ್ತರ ತಾತನನ್ನು ಗೌಡರ ಮನೆಯ ಎಂಟು ವರ್ಷದ ಕೂಸು ‘ಬಾರ್ಲಾ’ ಎಂದು ಕರೆದದ್ದನ್ನು ನೋಡಿ ಬೆಳೆದವರಿಗೆ ವ್ಯಾಕರಣದ ಈ ಪಾಠಕ್ಕೆ ಮೇಷ್ಟ್ರು ಬೇಕಾಗಿಲ್ಲ.

ಈಗ ಪ್ಲಾಸ್ಟಿಕ್ಕಿನ ಕಥೆಗೆ ಬರೋಣ.

ಅಲ್ಮೆರಿಯಾದ ಬಯಲಿನಲ್ಲಿ ಮೂವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ನೆಲ ಬಿಳಿ ಪ್ಲಾಸ್ಟಿಕ್ಕಿನ ಹೊದಿಕೆಯ ಕೆಳಗಿದೆ. ಜನ ಅದನ್ನು ಪ್ಲಾಸ್ಟಿಕ್ ಸಮುದ್ರ ಅಂತಾರೆ. ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಅರ್ಧ ಯುರೋಪು ಚಳಿಗಾಲದಲ್ಲಿ ತಿನ್ನುವ ಟೊಮೆಟೊ, ದಪ್ಪಮೆಣಸು, ಸೌತೆ ಅಲ್ಲಿಂದ ಹೋಗುತ್ತದೆ. ಬೇಸಿಗೆಯಲ್ಲಿ ಆ ಹೊದಿಕೆಯೊಳಗಿನ ಸೆಕೆ ನಲವತ್ತು ಡಿಗ್ರಿ ದಾಟುತ್ತದೆ. ಒಳಗೆ ಬಗ್ಗಿ ಕೆಲಸ ಮಾಡುವವರು ಹೆಚ್ಚಿನಂಶ ಮೊರಾಕ್ಕೊದವರು, ಸೆನೆಗಲ್, ಮಾಲಿ ಕಡೆಯವರು. ಬೆಳಗಿನ ಜಾವ ರಸ್ತೆಯ ವೃತ್ತದಲ್ಲಿ ನಿಲ್ಲುತ್ತಾರೆ. ವ್ಯಾನು ಬರುತ್ತದೆ, ಬೆರಳು ತೋರಿಸಿ ಎಷ್ಟು ಜನ ಬೇಕೋ ಅಷ್ಟು ಜನರನ್ನು ಹತ್ತಿಸಿಕೊಳ್ಳುತ್ತದೆ. ನಮ್ಮೂರ ಸರ್ಕಲ್ಲಿನಲ್ಲಿ ಗಾರೆ ಕೆಲಸದವರು ನಿಲ್ಲುವ ಹಾಗೆಯೇ. ಕಾಗದದಲ್ಲಿ ಕನಿಷ್ಠ ಕೂಲಿ ಇದೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ. ಪಾಪೆಲೆಸ್ ಇಲ್ಲದವನು ಬಾಯಿ ಬಿಡುವ ಹಾಗಿಲ್ಲ. ಪಾಪೆಲೆಸ್ ಅಂದರೆ ಕಾಗದಪತ್ರ. ಗೆಳೆಯ ಕಲಿತ ಮೊದಲ ಹತ್ತು ಪದಗಳಲ್ಲಿ ಅದೊಂದು.

ಅವರ ಗುಡಿಸಲುಗಳನ್ನು ಕಟ್ಟಿರುವುದೂ ಅದೇ ಹಸಿರುಮನೆಯ ಹಳೇ ಪ್ಲಾಸ್ಟಿಕ್ಕು, ಪೆಟ್ಟಿಗೆ ಹಲಗೆಗಳಿಂದಲೇ. ನೀರಿಲ್ಲ, ಕರೆಂಟಿಲ್ಲ. ಮೆಣಸಿನ ಗಿಡಕ್ಕೆ ಹನಿಹನಿ ಲೆಕ್ಕ ಹಾಕಿ ನೀರು ಹಾಯಿಸುವ ಗಣಕಯಂತ್ರ ಇದೆ, ಆ ಗಿಡ ಕೊಯ್ಯುವವನು ಕ್ಯಾನು ಹೊತ್ತು ಮೈಲಿಗಟ್ಟಲೆ ನಡೀಬೇಕು. ನಿಹಾರ್ ಎಂಬಲ್ಲಿ ಇಂಥದೊಂದು ಕೇರಿಯನ್ನು, ಎಲ್ ವಾಲಿಲಿ ಅಂತ ಅದರ ಹೆಸರು, 2023ರ ಜನವರಿಯಲ್ಲಿ ಪುರಸಭೆಯವರು ಯಂತ್ರ ತಂದು ನೆಲಸಮ ಮಾಡಿದರು. ನೂರಾರು ಜನ ಇದ್ದರು. ಪಶ್ಚಿಮದಲ್ಲಿ ವೆಲ್ವಾ ಎಂಬ ಸ್ಟ್ರಾಬೆರಿ ಸೀಮೆ ಇದೆ. 2020ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ ಫಿಲಿಪ್ ಆಲ್‌ಸ್ಟನ್ ಅಲ್ಲಿನ ಕೂಲಿಗಳ ಗುಡಿಸಲು ನೋಡಿ, ಜಗತ್ತಿನಲ್ಲಿ ತಾನು ಕಂಡ ಅತಿ ಕೆಟ್ಟ ಸ್ಥಿತಿಗಳಿಗೆ ಇದು ಸಮ ಎಂದರು. ಅದೇ ವೆಲ್ವಾಕ್ಕೆ ಪ್ರತಿ ವರ್ಷ ಮೊರಾಕ್ಕೊದಿಂದ ಸಾವಿರಾರು ಹೆಂಗಸರನ್ನು ಹಣ್ಣು ಬಿಡಿಸಲು ಕರೆತರುತ್ತಾರೆ. ಆರಿಸುವ ಅರ್ಹತೆ ಏನು ಗೊತ್ತೇ? ಊರಲ್ಲಿ ಚಿಕ್ಕ ಮಕ್ಕಳಿರಬೇಕು. ಮಕ್ಕಳಿದ್ದರೆ ತಾಯಿ ತಪ್ಪದೆ ವಾಪಸು ಹೋಗುತ್ತಾಳೆ ಎಂಬ ಲೆಕ್ಕ. ಕರುಳನ್ನೇ ಜಾಮೀನು ಇಟ್ಟುಕೊಳ್ಳುವ ಈ ಬುದ್ಧಿಗೆ ನಮ್ಮ ಜೀತದ ದಣಿಗಳೂ ತಲೆದೂಗಿಯಾರು. 2018ರಲ್ಲಿ ಆ ಹೆಂಗಸರಲ್ಲಿ ಕೆಲವರು ಮೈಮೇಲೆ ಕೈಹಾಕಿದ ಬಗ್ಗೆ, ಕೂಲಿ ಕೊಡದ ಬಗ್ಗೆ ದೂರು ಕೊಟ್ಟರು. ದೂರು ಕೊಟ್ಟವರನ್ನು ಹೊಂದಿಕೊಳ್ಳದವರು ಅನ್ನೋಣವೇ?

ಅಲ್ಮೆರಿಯಾ ಪಕ್ಕದಲ್ಲೇ ಎಲ್ ಎಹಿದೊ ಎಂಬ ಪಟ್ಟಣ. 2000ದ ಫೆಬ್ರುವರಿ 5ರಂದು ಮನಸ್ಸಿನ ಕಾಯಿಲೆಯಿದ್ದ ಒಬ್ಬ ಮೊರಾಕ್ಕೊದವನು ಸಂತೆಯಲ್ಲಿ ಒಬ್ಬ ಯುವತಿಯನ್ನು ಕೊಂದ. ಆ ಹುಡುಗಿಯ ಸಾವಿಗೆ ನಾವೂ ಮರುಗುತ್ತೇವೆ. ಆದರೆ ಆಮೇಲೆ ಮೂರು ದಿನ ಊರಿಗೆ ಊರೇ ದೊಣ್ಣೆ ಹಿಡಿದು ಮೊರಾಕ್ಕೊದವರನ್ನೆಲ್ಲ ಬೇಟೆಯಾಡಿತು. ಅಂಗಡಿ, ಮಸೀದಿ, ಗುಡಿಸಲು, ಕಾರು ಎಲ್ಲಕ್ಕೂ ಬೆಂಕಿ. ಒಬ್ಬ ಮಾಡಿದ್ದಕ್ಕೆ ಇಡೀ ಕೇರಿ ಸುಡುವ ಶಾಸ್ತ್ರ ನಮಗೆ ಗೊತ್ತಿರುವುದೇ. ಆಗ ಆ ಕೂಲಿಗಳು ಏನು ಮಾಡಿದರು ಗೊತ್ತಾ? ಹೊಂದಿಕೊಳ್ಳಲಿಲ್ಲ. ಕೆಲಸ ನಿಲ್ಲಿಸಿದರು. ಕೊಯ್ಲಿನ ಕಾಲದಲ್ಲಿ ಮುಷ್ಕರ ಹೂಡಿದರು. ಮೂರು ದಿನ ಪರದೇಶಿಗಳು ತೊಲಗಲಿ ಎಂದು ಕೂಗಿದ್ದ ತೋಟದ ಒಡೆಯರು, ಗಿಡದಲ್ಲಿ ತರಕಾರಿ ಕೊಳೆಯುವುದನ್ನು ನೋಡಿ ಮಾತುಕತೆಗೆ ಕೂತರು. ವಾರದೊಳಗೆ ಒಪ್ಪಂದವಾಯಿತು. ಅದರ ಮಾತುಗಳು ಬಹುಪಾಲು ಕಾಗದದಲ್ಲೇ ಉಳಿದವು, ಅದೂ ನಿಜ. ಇಪ್ಪತ್ತೈದು ವರ್ಷ ಕಳೆದು 2025ರ ಜುಲೈನಲ್ಲಿ, ಮುರ್ಸಿಯಾದ ತೋರ್ರೆ ಪಾಚೆಕೊ ಎಂಬಲ್ಲಿ ಒಬ್ಬ ಮುದುಕನ ಮೇಲಾದ ಹಲ್ಲೆಯ ನೆಪದಲ್ಲಿ ಬಲಪಂಥೀಯ ಗುಂಪುಗಳು ಮತ್ತೆ ಅದೇ ಬೇಟೆಗೆ ಇಳಿದವು. ಅದೂ ಹೊಲದ ಕೂಲಿಗಳ ಊರೇ.

ಅವರು ಹೊಂದಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುವವರಿಗೆ ಆ ನೆಲದ್ದೇ ಇತಿಹಾಸ ತೆಗೆದು ತೋರಿಸುತ್ತೇವೆ. ಪ್ಲಾಸ್ಟಿಕ್ ಬಯಲಿನ ಹಿಂದೆ ಆಲ್ಪುಹಾರ್ರಾ ಎಂಬ ಬೆಟ್ಟಸಾಲು ಇದೆ. 1492ರಲ್ಲಿ ಗ್ರನಾಡಾ ಬಿತ್ತು, ಅದೇ ವರ್ಷ ಯಹೂದಿಗಳನ್ನು ದೇಶದಿಂದ ಅಟ್ಟಿದರು. ಮುಸಲ್ಮಾನರನ್ನು ಕೆಲವೇ ವರ್ಷದಲ್ಲಿ ಕ್ರೈಸ್ತರಾಗಲು ಬಲವಂತ ಮಾಡಿದರು. ಆದರು. ಅವರಿಗೆ ಮೊರಿಸ್ಕೊ ಎಂದು ಹೆಸರಾಯಿತು. 1567ರಲ್ಲಿ ಎರಡನೇ ಫಿಲಿಪ್ ದೊರೆ ಅವರ ಅರಬ್ಬಿ ಮಾತು, ಅವರ ಬಟ್ಟೆ, ಅವರ ಹೆಸರು, ಅವರ ಸ್ನಾನದ ಮನೆ ಎಲ್ಲವನ್ನೂ ನಿಷೇಧಿಸಿದ. ಬೆಟ್ಟದ ಜನ ದಂಗೆ ಎದ್ದರು, ಸೋತರು, ದೇಶದ ತುಂಬ ಚೆದುರಿಸಲ್ಪಟ್ಟರು. ಉಳಿದವರು ಚರ್ಚಿಗೆ ಹೋದರು, ಸ್ಪ್ಯಾನಿಷ್ ಕಲಿತರು, ಹೆಸರು ಬದಲಿಸಿಕೊಂಡರು. ಅಡ್ಜಸ್ಟ್ ಅಂದರೆ ಇನ್ನೇನು ಸ್ವಾಮಿ? ಅಷ್ಟೆಲ್ಲ ಮಾಡಿದ ಮೇಲೆ 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಮಂದಿಯನ್ನು ಹಡಗಿಗೆ ತುಂಬಿ ಆಫ್ರಿಕಾದ ದಡಕ್ಕೆ ಎಸೆದರು. ಅವರಲ್ಲಿ ಬಹಳ ಮಂದಿ ಮೊರಾಕ್ಕೊ ಸೇರಿದರು. ಇವತ್ತು ಆ ದಡದಿಂದ ದೋಣಿಯಲ್ಲಿ ಜೀವ ಒತ್ತೆಯಿಟ್ಟು ಬಂದು ಅದೇ ಬೆಟ್ಟದ ಬುಡದಲ್ಲಿ ಮೆಣಸು ಬಿಡಿಸುವವರಿಗೆ ‘ನೀವು ಪರದೇಶಿಗಳು’ ಎನ್ನುತ್ತಾರೆ.

ಯಾಕೆ ಅಟ್ಟಿದರು? ಅವರು ಬದಲಾದರೂ ಅವರ ರಕ್ತ ಬದಲಾಗಲಿಲ್ಲವಂತೆ. ಟೊಲೆಡೊ ನಗರದಲ್ಲಿ 1449ರಲ್ಲೇ ಕ್ರೈಸ್ತರಾದ ಯಹೂದಿಗಳನ್ನು ಅಧಿಕಾರದಿಂದ ಹೊರಗಿಡುವ ಕಟ್ಟಳೆ ಬಂದಿತ್ತು. ಆಮೇಲೆ ಮಠ, ಕಾಲೇಜು, ಚರ್ಚಿನ ಹುದ್ದೆಗಳಿಗೆಲ್ಲ ‘ರಕ್ತಶುದ್ಧಿ’ಯ ಪುರಾವೆ ಕೇಳತೊಡಗಿದರು. ಅಜ್ಜ ಮುತ್ತಜ್ಜನ ತನಕ ಜಾಲಾಡುತ್ತಿದ್ದರು. ಹತ್ತೊಂಬತ್ತನೇ ಶತಮಾನದವರೆಗೂ ಅದು ನಡೆಯಿತು. ಅವರು ವಂಶ, ತಳಿ ಎನ್ನುವುದಕ್ಕೆ ಬಳಸುತ್ತಿದ್ದ ಪದ ‘ಕಾಸ್ತಾ’. ಅದೇ ಪದವನ್ನು ಪಕ್ಕದ ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಗೆ ತಂದರು. ಇಲ್ಲಿನ ಬ್ರಾಹ್ಮಣ್ಯ ನಡೆಸುತ್ತಿದ್ದ ವ್ಯವಹಾರ ನೋಡಿದ ಕೂಡಲೆ, ಓ ಇದು ನಮ್ಮ ಮನೆಯದೇ ಪದಾರ್ಥ ಅಂತ ಅದಕ್ಕೆ ಆ ಹೆಸರಿಟ್ಟರು. ಇಂಗ್ಲಿಷರ ಬಾಯಲ್ಲಿ ಅದು ಕ್ಯಾಸ್ಟ್ ಆಯಿತು. ನಮ್ಮ ತಹಸೀಲ್ದಾರರ ಮೊಹರಿನಲ್ಲಿ ಕೂತಿರುವುದು ಆ ಪದವೇ. ಜಾತಿಯನ್ನು ಅವರು ಕೊಟ್ಟರು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ಮನುವಿಗೆ ರಜೆ ಕೊಡುವ ವಿದ್ವಾಂಸರು ಬೇರೆ ಇದ್ದಾರೆ. ಕಳ್ಳ ಕಳ್ಳನನ್ನು ಗುರುತಿಸಿದ ಎಂದಷ್ಟೇ ಹೇಳುತ್ತಿದ್ದೇವೆ.

ಅಲ್ಲಿ ಇನ್ನೊಂದು ಜನ ಇದ್ದಾರೆ, ಹಿತಾನೊಗಳು. ಸಾವಿರ ವರ್ಷದ ಹಿಂದೆ ಭಾರತದ ಕಡೆಯಿಂದ ಹೊರಟು ಹದಿನೈದನೇ ಶತಮಾನದಲ್ಲಿ ಸ್ಪೇನ್ ತಲುಪಿದವರು. 1749ರ ಜುಲೈನಲ್ಲಿ ಒಂದೇ ರಾತ್ರಿ ದೇಶದಾದ್ಯಂತ ಅವರನ್ನು ಹಿಡಿದು, ಗಂಡಸರನ್ನು ಒಂದು ಕಡೆ, ಹೆಂಗಸರು ಮಕ್ಕಳನ್ನು ಇನ್ನೊಂದು ಕಡೆ ಸೆರೆಗೆ ತಳ್ಳಿದರು, ಬೀಜವೇ ಹುಟ್ಟದಿರಲಿ ಅಂತ. 1783ರಲ್ಲಿ ಇನ್ನೊಬ್ಬ ದೊರೆ ಬಂದು, ನೀವೂ ಮನುಷ್ಯರೇ, ಆದರೆ ನಿಮ್ಮ ಭಾಷೆ, ಬಟ್ಟೆ, ಅಲೆದಾಟ ಬಿಡಿ ಎಂದ. ಅವರ ನುಡಿ ಬಹುಪಾಲು ಸತ್ತಿತು. ಉಳಿದ ಚೂರುಗಳಲ್ಲಿ ನೀರಿಗೆ ‘ಪಾನ್ಯಿ’ ಅಂತಾರೆ. ಮನುಷ್ಯನಿಗೆ ‘ಮನೂ’ ಅಂತಾರೆ. ಗೆಳೆಯ ಅದನ್ನು ಕೇಳಿದ ದಿನ ಅವರ ಕೇರಿಯಲ್ಲೇ ಉಂಡು ಬಂದ. ಫ್ಲಮೆಂಕೊ ಹಾಡಿಗೆ ಜಗತ್ತು ತಲೆದೂಗುತ್ತದೆ, ಹಾಡಿದವನಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ. ನಮ್ಮ ತಮಟೆ ಕಥೆಯೇ.

ಹಳೇ ಕಥೆ ಬಿಡಿ, ಈಗ ಕಾನೂನಿದೆ ಅನ್ನುತ್ತೀರಾ? ಇದೆ. ಸ್ಪೇನಿನ ಸಿವಿಲ್ ಸಂಹಿತೆಯ ಪ್ರಕಾರ ಪೌರತ್ವಕ್ಕೆ ಹತ್ತು ವರ್ಷ ಕಾನೂನುಬದ್ಧವಾಗಿ ವಾಸಿಸಬೇಕು. ಲ್ಯಾಟಿನ್ ಅಮೆರಿಕ, ಫಿಲಿಪೀನ್ಸ್, ಪೋರ್ಚುಗಲ್ ಮೊದಲಾದ ಕಡೆಯವರಿಗೆ ಎರಡೇ ವರ್ಷ, ನಮ್ಮ ಹಳೇ ಸಾಮ್ರಾಜ್ಯದ ಬಂಧುಗಳು ಅಂತ. ಒಳ್ಳೇದೇ. ಹಾಗಾದರೆ ಮೊರಾಕ್ಕೊದ ಬಡಗಣ ಭಾಗವೂ 1912ರಿಂದ 1956ರವರೆಗೆ ಸ್ಪೇನಿನ ಅಧೀನದಲ್ಲೇ ಇತ್ತಲ್ಲ? ಅವರಿಗೆ ಹತ್ತು. 1492ರಲ್ಲಿ ಅಟ್ಟಿದ ಯಹೂದಿಗಳ ವಂಶದವರಿಗೆ 2015ರಲ್ಲಿ ವಿಶೇಷ ಕಾನೂನು ಮಾಡಿ ಪೌರತ್ವ ಕೊಡಲು ಮುಂದಾದರು. ತಪ್ಪು ತಿದ್ದಿಕೊಂಡದ್ದು ಸರಿ. 1609ರಲ್ಲಿ ಅಟ್ಟಿದವರ ವಂಶದವರಿಗೆ? ಅವರ ಪಾಡು ಪ್ಲಾಸ್ಟಿಕ್ಕಿನೊಳಗೆ.

ಪೌರತ್ವ ಸಿಕ್ಕರೂ ಮುಖ ಬದಲಾಗುವುದಿಲ್ಲ. 1992ರ ಡಿಸೆಂಬರಿನಲ್ಲಿ ವಯ್ಯದೊಲಿದ್ ರೈಲ್ವೆ ಸ್ಟೇಷನ್ನಿನಲ್ಲಿ ರೋಸಲಿಂಡ್ ವಿಲಿಯಮ್ಸ್ ಎಂಬ ಕಪ್ಪು ಹೆಂಗಸನ್ನು ಪೊಲೀಸ ತಡೆದು ಗುರುತಿನ ಚೀಟಿ ಕೇಳಿದ. ಜತೆಯಲ್ಲಿದ್ದ ಬಿಳಿಯ ಗಂಡನನ್ನು ಕೇಳಲಿಲ್ಲ. ಆಕೆ ಸ್ಪೇನಿನ ಪ್ರಜೆ. ಯಾಕೆ ನನ್ನನ್ನೇ ಎಂದು ಕೇಳಿದ್ದಕ್ಕೆ ಚರ್ಮದ ಬಣ್ಣ ಎಂದ. ಆಕೆ ಕೋರ್ಟಿಗೆ ಹೋದಳು. ದೇಶದ ಸಂವಿಧಾನ ನ್ಯಾಯಾಲಯ 2001ರಲ್ಲಿ ಪೊಲೀಸನದೇ ಸರಿ ಎಂದಿತು. 2009ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಆಕೆಯದು ಸರಿ ಎಂದಿತು. ಹದಿನೇಳು ವರ್ಷ ಆಕೆ ಅಡ್ಜಸ್ಟ್ ಮಾಡಿಕೊಳ್ಳಲಿಲ್ಲ.

ಪೇಟೆಯ ಜನ ಇದನ್ನೆಲ್ಲ ಮರೆತಿದ್ದಾರೆ ಎಂದು 1960ರ ದಶಕದಲ್ಲಿ ಗಂಟುಮೂಟೆ ಕಟ್ಟಿಕೊಂಡು ಜರ್ಮನಿ, ಫ್ರಾನ್ಸಿಗೆ ಕೂಲಿಗೆ ಹೋಗಿದ್ದ ಅಲ್ಮೆರಿಯಾದ ಮುದುಕನೊಬ್ಬ ಗೆಳೆಯನ ಹತ್ತಿರ ಬೇಸರಪಟ್ಟನಂತೆ. ಆಗ ಅದು ಸ್ಪೇನಿನ ಕಡುಬಡ ಸೀಮೆಗಳಲ್ಲಿ ಒಂದು. ಅವನ ಮಕ್ಕಳೇ ಈಗ ಪ್ಲಾಸ್ಟಿಕ್ಕಿನ ಒಡೆಯರು. ಇದನ್ನು ಬರೆಯುವಾಗ ನಮಗೆ ನಮ್ಮವರೇ ನೆನಪಾಗುತ್ತಾರೆ. ಮೀಸಲಾತಿಯ ಏಣಿ ಹತ್ತಿ, ಮೇಲೆ ಕೂತ ಮೇಲೆ ಏಣಿಯನ್ನೂ ಎಳೆದುಕೊಂಡವರು. ಹೆಸರಿನ ಕೊನೆ ಕತ್ತರಿಸಿಕೊಂಡು, ಅವ್ವನನ್ನು ಅತಿಥಿಗಳ ಮುಂದೆ ಅಡುಗೆಮನೆಗೆ ಕಳಿಸುವವರು. ಅವರೂ ಅಡ್ಜಸ್ಟ್ ಆದವರೇ. ನಾಳೆ ನಾವೂ ಆಗಬಹುದು, ಆ ಭಯ ನಮಗಿದೆ.

ಅವ್ವ ಫೋನಿನಲ್ಲಿ ಅವನನ್ನು ಪ್ರತಿ ಸಲ ಕೇಳುವುದು ಒಂದೇ: ‘ಅಲ್ಲಿ ನಮ್ಮೋರು ಅವ್ರಾ ಮಗ?’ ಮೊದಮೊದಲು ಅವನು ಇಲ್ಲ ಅನ್ನುತ್ತಿದ್ದ. ಭಾರತದವರು ಎಷ್ಟು ಜನ, ಕನ್ನಡದವರು ಯಾರು ಅಂತ ಲೆಕ್ಕ ಹೇಳುತ್ತಿದ್ದ. ಈಗ ಮಾತು ಬದಲಾಗಿದೆ. ‘ಅವ್ರೆ ಕಣವ್ವ, ಮಸ್ತು ಅವ್ರೆ’ ಅಂತಾನೆ.

ಬರುವ ಸೋಮವಾರ ಅವನು ಜತೆಗಾರ ಮೊರಾಕ್ಕೊದವನ ತಮ್ಮನನ್ನು ಕರೆದುಕೊಂಡು ಪುರಸಭೆಗೆ ಹೋಗುತ್ತಿದ್ದಾನೆ. ಊರಲ್ಲಿ ಇರುವವರ ಪಟ್ಟಿಗೆ ಅಲ್ಲಿ ಪದ್ರೋನ್ ಅಂತಾರೆ. ಗುಡಿಸಲಲ್ಲಿದ್ದರೂ, ಪಾಪೆಲೆಸ್ ಇಲ್ಲದಿದ್ದರೂ ಇರುವವನ ಹೆಸರು ಬರೆದುಕೊಳ್ಳಲೇಬೇಕು ಅಂತ ಕಾನೂನಿದೆ. ಆ ಹೆಸರು ಬಿದ್ದರೆ ತಾನು ಇಲ್ಲಿ ಇದ್ದೆ ಅನ್ನುವುದಕ್ಕೆ ಸಾಕ್ಷಿ. ಮೊದಲು ಮೂರು ವರ್ಷದ ಸಾಕ್ಷಿ ಬೇಕಿತ್ತು, 2025ರ ಮೇ ತಿಂಗಳಿಂದ ಎರಡು ವರ್ಷದ ಸಾಕ್ಷಿಯಿದ್ದರೆ ಕಾಗದಪತ್ರಕ್ಕೆ ಅರ್ಜಿ ಹಾಕಬಹುದು. ಎರಡು ಸಲ ಹೋದರು, ಎರಡು ಸಲವೂ ಗುಡಿಸಲಿಗೆ ವಿಳಾಸ ಇಲ್ಲ ಅಂತ ವಾಪಸು ಕಳಿಸಿದರು. ಗೆಳೆಯ ಆ ಕಾನೂನಿನ ಪುಟವನ್ನು ಅಚ್ಚು ಹಾಕಿಸಿಕೊಂಡಿದ್ದಾನೆ. ಕೂಲಿಗಳ ಸಂಘದ ಒಬ್ಬ ಹೆಂಗಸು ಜತೆಗೆ ಬರುತ್ತಾಳಂತೆ. ಗಾಜಿನ ಹಿಂದಿನ ಗುಮಾಸ್ತ ‘ತೂ’ ಅಂದರೆ ತಾನೂ ತಿರುಗಿ ‘ತೂ’ ಅನ್ನುವುದೋ, ಅವನು ‘ಉಸ್ತೆದ್’ ಅನ್ನುವವರೆಗೆ ಸುಮ್ಮನೆ ನಿಂತಿರುವುದೋ ಎಂದು ನಮ್ಮನ್ನು ಕೇಳಿದ್ದಾನೆ. ನಿಂತಿರು ಎಂದು ಬರೆದಿದ್ದೇವೆ.